ಹಮಾಲರ ಕೂಲಿ ಮಾತುಕತೆ: ಒಂದು ಕಿವಿಮಾತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳ, ಶೇಂಗಾ ಚೀಲಗಳನ್ನು ಹೊರುವ ಹಮಾಲರಿಗೆ ತಿಂಗಳ ಸಂಬಳವಿಲ್ಲ. ಚೀಲದ ಲೆಕ್ಕದ ಕೂಲಿಯೇ ಅವರ ಆದಾಯವಾದ್ದರಿಂದ, ಎದುರಿಗೆ ಕುಳಿತುಕೊಳ್ಳುವ ಆಡಳಿತವೆಂದರೆ ಒಬ್ಬ ಮಾಲೀಕನಲ್ಲ, ಬಹುಮಂದಿ ದಲಾಲರು ಹಾಗೂ ಖರೀದಿದಾರರು. ಹೀಗಾಗಿ ಒಂದೊಂದು ಅಂಗಡಿಯಲ್ಲಿ ಬೇರೆಬೇರೆಯಾಗಿ ದರ ಕೇಳುವುದಕ್ಕಿಂತ, ವರ್ತಕರ ಸಂಘ ಮತ್ತು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ, ಅಂದರೆ 1966ರ ರಾಜ್ಯ ಕಾಯ್ದೆಯಡಿ ಪ್ರಾಂಗಣವನ್ನು ನಿಯಂತ್ರಿಸುವ ಸಂಸ್ಥೆ, ಇವೆರಡರ ಮುಂದೆ ಒಂದೇ ಬೇಡಿಕೆ ಪತ್ರವಿಡುವುದು ಲೇಸು.

ಆ ಪತ್ರದಲ್ಲಿ ಇಳಿಸುವುದು, ತೂಗುವುದು, ಲಾರಿಗೆ ಏರಿಸುವುದು ಎಂಬ ಪ್ರತಿಯೊಂದು ಕೆಲಸದ ದರವನ್ನೂ ಚೀಲದ ತೂಕದ ಮಿತಿಯನ್ನೂ ಬೇರೆಬೇರೆಯಾಗಿ ಬರೆದು, ಹೆಚ್ಚಳವನ್ನು ಯಾರು ಕೊಡಬೇಕೆಂಬುದನ್ನು ಸ್ಪಷ್ಟಪಡಿಸಬೇಕು. ಇಲ್ಲವಾದರೆ ಹೊರೆ ರೈತನ ಮಾರಾಟದ ಪಟ್ಟಿಯಲ್ಲಿ ಕಡಿತವಾಗಿ, ಬೆಂಬಲಿಸಬೇಕಾದವನೇ ಎದುರಾಳಿಯಾಗುತ್ತಾನೆ. ಈ ಎಚ್ಚರ ಎಲ್ಲಕ್ಕಿಂತ ಮುಖ್ಯವಾದುದು.

ಆವಕ ಹೆಚ್ಚಿರುವ ಸುಗ್ಗಿಯಲ್ಲಿ ಹಮಾಲರ ಸಂಘಕ್ಕೆ ಬಲವಿರುವುದು ನಿಜವಾದರೂ, ಮಾತುಕತೆಯನ್ನು ಅದಕ್ಕೂ ಮೊದಲೇ ಆರಂಭಿಸಿದರೆ ಕೆಲಸ ನಿಲ್ಲಿಸುವ ಪ್ರಸಂಗವೇ ಬಾರದಿರಬಹುದು. ಸಂಘ ಇನ್ನೂ ನೋಂದಣಿಯಾಗಿರದಿದ್ದರೆ, ಅದಕ್ಕೆ ಕನಿಷ್ಠ 7 ಸದಸ್ಯರ ಅರ್ಜಿ ಬೇಕು. ಮಾತು ಮುರಿದಲ್ಲಿ ಕಾರ್ಮಿಕ ಇಲಾಖೆಯ ಸಂಧಾನವನ್ನು, ಎಂದರೆ ಅಧಿಕಾರಿ ಎರಡೂ ಪಕ್ಷಗಳನ್ನು ಕೂರಿಸಿ ಒಪ್ಪಂದಕ್ಕೆ ತರುವ ಕ್ರಮವನ್ನು, ಕೋರಬಹುದು. 2018ರವರೆಗೆ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿಯೂ ಈಗ ಉಳಿದ ನಾಲ್ಕರಂತೆ ವಿಜಯನಗರ ಜಿಲ್ಲೆಯಲ್ಲಿರುವುದರಿಂದ, ಐದೂ ಕಡೆಯ ಸಂಘಗಳು ಒಟ್ಟಾಗಿ ದರಪಟ್ಟಿ ಸಿದ್ಧಪಡಿಸುವುದು ಸುಲಭ. ಒಪ್ಪಂದದಲ್ಲಿ ಅವಧಿ, ಜಾರಿಯ ದಿನಾಂಕ ಮತ್ತು ಎಲ್ಲರ ಸಹಿ ಇರಲಿ. ಅದರ ಪ್ರತಿಯನ್ನು ಓದು ಬಾರದ ಸದಸ್ಯರಿಗೂ ಗಟ್ಟಿಯಾಗಿ ಓದಿ ಹೇಳಲಿ.