ಡೊಮೇನ್ ಹೆಸರಿನ ನೋಂದಣಿಗೆ ಸುರಕ್ಷಿತ ಇ-ಮೇಲ್ ವಿಳಾಸದ ಆಯ್ಕೆ

ಬೆಲ್ಲ, ಜೇನು, ಕಾಫಿ ಪುಡಿ, ಒಣಮೆಣಸಿನಕಾಯಿ ಮುಂತಾದವುಗಳನ್ನು ಗ್ರಾಹಕರಿಗೆ ನೇರವಾಗಿ ಮಾರುವ ಉದ್ದೇಶದಿಂದ ಅನೇಕ ರೈತರು ಮತ್ತು ರೈತ ಉತ್ಪಾದಕ ಸಂಸ್ಥೆಗಳು ತಮ್ಮದೇ ಜಾಲತಾಣಗಳನ್ನು ತೆರೆಯುತ್ತಿದ್ದಾರೆ. ಜಾಲತಾಣದ ಹೆಸರಿಗೆ ಡೊಮೇನ್ ಹೆಸರು ಎನ್ನುತ್ತಾರೆ. ಚೀಲ, ಡಬ್ಬ, ರಸೀದಿಗಳ ಮೇಲೆ ಅಚ್ಚಾಗುವುದು ಈ ಹೆಸರೇ. ಹೆಸರನ್ನು ಆರಿಸುವಾಗ ಎಲ್ಲರೂ ಬಹಳ ಯೋಚಿಸುತ್ತಾರೆ. ಆದರೆ ನೋಂದಣಿಯ ವೇಳೆ ಕೊಡುವ ಇ-ಮೇಲ್ ವಿಳಾಸದ ಕಡೆ ಗಮನ ಕೊಡುವವರು ಕಡಿಮೆ. ಹೆಸರನ್ನು ಉಳಿಸುವುದೂ ಕಳೆಯುವುದೂ ಈ ವಿಳಾಸವೇ ಎಂಬುದನ್ನು ಮರೆಯಬಾರದು.

ವಿಳಾಸಕ್ಕೇಕೆ ಇಷ್ಟು ಮಹತ್ವ?

ಡೊಮೇನ್ ಹೆಸರನ್ನು ಜಮೀನಿನಂತೆ ಕ್ರಯಕ್ಕೆ ಪಡೆಯಲಾಗುವುದಿಲ್ಲ. ರಿಜಿಸ್ಟ್ರಾರ್ ಎಂಬ ಕಂಪನಿಯ ಮೂಲಕ 1 ರಿಂದ 10 ವರ್ಷಗಳ ಅವಧಿಗೆ ನೋಂದಾಯಿಸಿ, ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ಡಾಟ್ ಇನ್ ಹೆಸರುಗಳ ಉಸ್ತುವಾರಿ ನಮ್ಮ ದೇಶದ ನಿಕ್ಸಿ ಸಂಸ್ಥೆಯದು. ಡಾಟ್ ಕಾಂ ಮುಂತಾದ ಹೆಸರುಗಳಿಗೆ 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಸಂಸ್ಥೆಯ ನಿಯಮಗಳು ಅನ್ವಯಿಸುತ್ತವೆ. ಈ ನಿಯಮಗಳ ಪ್ರಕಾರ:

1. ನೋಂದಣಿಯಾದ 15 ದಿನಗಳೊಳಗೆ ಇ-ಮೇಲ್ ಅಥವಾ ದೂರವಾಣಿಯ ಮೂಲಕ ವಿಳಾಸವನ್ನು ದೃಢಪಡಿಸಬೇಕು. ತಪ್ಪಿದರೆ ಜಾಲತಾಣ ಸ್ಥಗಿತವಾಗಬಹುದು.

2. ಅವಧಿ ಮುಗಿಯಲು ಸುಮಾರು ಒಂದು ತಿಂಗಳಿರುವಾಗ ಒಮ್ಮೆ, ಒಂದು ವಾರವಿರುವಾಗ ಇನ್ನೊಮ್ಮೆ ನವೀಕರಣದ ಸೂಚನೆ ಬರುತ್ತದೆ.

ಇದಲ್ಲದೆ, ರಿಜಿಸ್ಟ್ರಾರ್ ಖಾತೆಯ ಪಾಸ್‌ವರ್ಡ್ ಮರೆತಾಗ ಹೊಸದನ್ನು ಪಡೆಯುವ ದಾರಿ ಸಾಮಾನ್ಯವಾಗಿ ಈ ವಿಳಾಸವೇ. ಆದುದರಿಂದ ಈ ಇ-ಮೇಲ್ ಪೆಟ್ಟಿಗೆ ಯಾರ ಕೈಯಲ್ಲಿದೆಯೋ, ಹೆಸರೂ ಅವರ ಕೈಯಲ್ಲಿದ್ದಂತೆ.

ಎಂತಹ ವಿಳಾಸ ಬೇಡ?

ಅ) ಜಾಲತಾಣ ಮಾಡಿಕೊಟ್ಟವರ ವಿಳಾಸ: ಬೆಲ್ಲ ಮಾರುವ ಒಂದು ಸಂಘವನ್ನು ಊಹಿಸಿಕೊಳ್ಳಿ. ಕಂಪ್ಯೂಟರ್ ಬಲ್ಲ ಊರಿನ ಹುಡುಗನೊಬ್ಬ ತನ್ನ ವಿಳಾಸ ಕೊಟ್ಟೇ ಹೆಸರು ನೋಂದಾಯಿಸುತ್ತಾನೆ. ಎರಡು ವರ್ಷಗಳ ನಂತರ ಅವನು ಕೆಲಸಕ್ಕಾಗಿ ಬೇರೆ ಊರು ಸೇರುತ್ತಾನೆ. ಸೂಚನೆಗಳೆಲ್ಲ ಅವನಿಗೇ ಹೋಗುತ್ತವೆ, ಅವನು ನೋಡುವುದಿಲ್ಲ. ಸುಗ್ಗಿಯ ಕಾಲದಲ್ಲಿ ಜಾಲತಾಣ ನಿಂತಾಗಲೇ ಸಂಘಕ್ಕೆ ವಿಷಯ ತಿಳಿಯುವುದು. ಯಾರದೂ ಮೋಸವಿಲ್ಲ, ಆದರೂ ನಷ್ಟ ಸದಸ್ಯರೆಲ್ಲರದು.

ಆ) ಅದೇ ಡೊಮೇನಿನ ವಿಳಾಸ: ಸಂಘದ ಜಾಲತಾಣದ ಹೆಸರಿನಲ್ಲೇ ಇರುವ ಇ-ಮೇಲ್ ನೋಡಲು ಚೆನ್ನ. ಆದರೆ ಅವಧಿ ಮುಗಿದು ಹೆಸರು ನಿಂತರೆ ಆ ಇ-ಮೇಲೂ ನಿಲ್ಲುತ್ತದೆ. ಇದು ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದಂತೆ. 2005ರ ಜನವರಿಯಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್‌ನೆಟ್ ಸೇವಾ ಕಂಪನಿಯ ಹೆಸರು ಅದರ ಒಪ್ಪಿಗೆಯಿಲ್ಲದೆ ಆಸ್ಟ್ರೇಲಿಯದ ಕಂಪನಿಯೊಂದಕ್ಕೆ ವರ್ಗವಾಯಿತು. ಹೆಸರಿನೊಡನೆ ಅದರ ಇ-ಮೇಲ್‌ಗಳೂ ಬೇರೆಡೆಗೆ ಹರಿದವು. ಅದೇ ಕಸುಬಿನಲ್ಲಿದ್ದವರಿಗೂ ಹೀಗಾಯಿತೆಂದರೆ ನಾವು ಎಚ್ಚರದಿಂದಿರುವುದು ಅವಶ್ಯ.

ಇ) ಬಳಕೆಯಲ್ಲಿಲ್ಲದ ವಿಳಾಸ: ಗೂಗಲ್ ಕಂಪನಿಯು 2023ರಲ್ಲಿ ಪ್ರಕಟಿಸಿದ ನಿಯಮದಂತೆ, 2 ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕಬಹುದು.

ಎಂತಹ ವಿಳಾಸ ಸೂಕ್ತ?

ಹೆಸರಾಂತ ಇ-ಮೇಲ್ ಸೇವೆಯೊಂದರಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ವಿಳಾಸ ತೆರೆಯುವುದು ಉತ್ತಮ. ಅದನ್ನು ಚೀಲದ ಮೇಲಾಗಲಿ ಜಾಹೀರಾತಿನಲ್ಲಾಗಲಿ ಅಚ್ಚು ಹಾಕಿಸಬಾರದು. ಗಿರಾಕಿಗಳಿಗೆ ಬೇರೆ ವಿಳಾಸವಿರಲಿ. ಸಂಘವಾದರೆ ನೋಂದಣಿಯೂ ಸಂಘದ ಹೆಸರಿನಲ್ಲೇ ಇರಬೇಕು. ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರಿಗೂ ಇ-ಮೇಲ್ ತೆರೆಯಲು ತಿಳಿದಿರಬೇಕು. ಪದಾಧಿಕಾರಿಗಳು ಬದಲಾದಾಗ ಲೆಕ್ಕಪತ್ರದ ಜೊತೆಗೆ ಇದನ್ನೂ ವಹಿಸಿಕೊಟ್ಟು, ಪಾಸ್‌ವರ್ಡ್ ಬದಲಾಯಿಸಿ, ನಡವಳಿ ಪುಸ್ತಕದಲ್ಲಿ ದಾಖಲಿಸಬೇಕು.

ರಕ್ಷಣಾ ಕ್ರಮಗಳು

1. ಉದ್ದವಾದ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಊರಿನ ಹೆಸರು, ಮೊಬೈಲ್ ಸಂಖ್ಯೆ ಬೇಡ.

2. ಎರಡು ಹಂತದ ದೃಢೀಕರಣವನ್ನು ಇ-ಮೇಲಿಗೂ ರಿಜಿಸ್ಟ್ರಾರ್ ಖಾತೆಗೂ ಅಳವಡಿಸಿ. ಆಗ ಪಾಸ್‌ವರ್ಡ್ ಕದ್ದವನಿಗೂ ಒಳಹೊಗುವುದು ಕಷ್ಟ. ತುರ್ತು ಬಳಕೆಗೆ ಕೊಡುವ ಸಂಕೇತಗಳನ್ನು ಕಾಗದದ ಮೇಲೆ ಮುದ್ರಿಸಿ ಬೀರುವಿನಲ್ಲಿಡಿ.

3. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಲಿ. ಬಹುಕಾಲ ಬಳಸದ ಸಂಖ್ಯೆ ಮತ್ತೊಬ್ಬರ ಪಾಲಾಗಬಹುದು.

4. ತಿಂಗಳಿಗೊಮ್ಮೆಯಾದರೂ ಪೆಟ್ಟಿಗೆ ತೆರೆದು ನೋಡಿ. ನವೀಕರಣದ ಹೆಸರಿನಲ್ಲಿ ಸುಳ್ಳು ಇ-ಮೇಲ್‌ಗಳೂ ಬರುತ್ತವೆ. ಅದರಲ್ಲಿರುವ ಕೊಂಡಿಯನ್ನು ಒತ್ತದೆ, ರಿಜಿಸ್ಟ್ರಾರ್ ಜಾಲತಾಣಕ್ಕೆ ನೀವೇ ಹೋಗಿ ಪರಿಶೀಲಿಸಿ.

5. ಹೆಸರು ಬೇರೆಡೆಗೆ ವರ್ಗವಾಗದಂತೆ ರಿಜಿಸ್ಟ್ರಾರ್ ಖಾತೆಯಲ್ಲಿರುವ ಲಾಕ್ ಸೌಲಭ್ಯವನ್ನು ಬಳಸಿ.

ಈಗಾಗಲೇ ನೋಂದಾಯಿಸಿದ್ದರೆ

ಹೆಸರು ಯಾರ ಹೆಸರಿನಲ್ಲಿದೆ, ಯಾವ ಇ-ಮೇಲ್ ಕೊಡಲಾಗಿದೆ, ಅವಧಿ ಎಂದು ಮುಗಿಯುತ್ತದೆ ಎಂಬ ಮೂರು ವಿಷಯಗಳನ್ನು ಇಂದೇ ವಿಚಾರಿಸಿ. ವಿಳಾಸ ಬದಲಾಯಿಸುವಾಗ ಹಳೆಯ ವಿಳಾಸಕ್ಕೂ ಒಪ್ಪಿಗೆ ಕೋರಿ ಸಂದೇಶ ಬರಬಹುದು. ಆದ್ದರಿಂದ ಹಳೆಯದು ಕೈಗೆಟಕುತ್ತಿರುವಾಗಲೇ, ಅದನ್ನು ಮಾಡಿಕೊಟ್ಟವರು ಊರಿನಲ್ಲಿರುವಾಗಲೇ, ಈ ಕೆಲಸ ಮುಗಿಸುವುದು ಜಾಣತನ. ಇದಕ್ಕೆ ತಗಲುವ ಖರ್ಚು ಏನೂ ಇಲ್ಲ. ಅರ್ಧ ದಿನದ ಬಿಡುವು ಸಾಕು.