ನೀನು ಎದ್ದ ಜಾಗದಲ್ಲಿ ಯಾರು ಕೂತರು?

ತಮ್ಮಾ,

ಹೋದ ಸಲ ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ಮಾಳಿಗೆ ಮೇಲೆ ಕೂತು ನನ್ನ ಮುಂದೆ ಮೂರು ಮಾತು ಆಡಿದಿ. ಅಗ್ನಿವೀರನ ನಾಲ್ಕು ವರ್ಷ ಮುಗೀತಾ ಬಂತು, ಕಾಯಂ ಆಗಲಿಕ್ಕೆ ಅರ್ಜಿ ಹಾಕಲೋ ಬೇಡವೋ ತಿಳಿಯವಲ್ದು ಅಂದಿ. ದೇವರ ಮುಂದೆ ಎಲ್ಲರ ಜೊತೆ ಸಾಲಾಗಿ ನಿಂತು ಕೈ ಮುಗೀತೀನಿ, ಆದರೆ ಒಳಗೆ ಏನೂ ಆಗೂದಿಲ್ಲ ಮುತ್ಯಾ ಅಂದಿ. ಮೂರನೆಯದು ಹೇಳುವಾಗ ಮಾತ್ರ ನಿನ್ನ ಮುಖ ಅರಳಿತು. ಒಂದು ಬೈಕು, ಒಂದು ಚೀಲ, ರಜೌರಿಯಿಂದ ಹೊರಟು ದಾರಿ ಹೋದ ಕಡೆ ಹೋಗೂದು.

ನಾನು ಸುಮ್ಮನಿದ್ದೆ. ಮುತ್ಯಾಗೆ ಸಿಟ್ಟು ಬಂತು ಅಂತ ನೀನು ಎದ್ದು ಹೋದಿ. ಸಿಟ್ಟಲ್ಲೋ. ರಜೌರಿ ಅಂದ ಕೂಡಲೇ ನನಗೆ ಅದೇ ಊರಿನ ಇನ್ನೊಬ್ಬ ಹುಡುಗ ನೆನಪಾದ. ಅವನೂ ನಿನ್ನ ಹಾಗೆಯೇ, ಕಾಲು ಒಂದು ಕಡೆ ನಿಲ್ಲದವನು. ನೀನು ಬೀದರದಿಂದ ರಜೌರಿಗೆ ಹೋದಿ, ಅವನು ರಜೌರಿಯಿಂದ ಹೊರಟು ನಮ್ಮ ಮಗ್ಗುಲಿನ ನಾಂದೇಡಕ್ಕೆ ಬಂದ. ಮುನ್ನೂರು ವರ್ಷ ಮೀರಿದ ಕಥೆ. ಅವನದೊಂದು ಗುರುದ್ವಾರ ಗೋದಾವರಿ ದಂಡೆಯ ಮೇಲೆ ಈಗಲೂ ಇದೆ, ಬಂದಾ ಘಾಟ್ ಅನ್ನುತ್ತಾರೆ.

ಹುಟ್ಟಿದ್ದು 1670ರಲ್ಲಿ. ಮನೆಯಲ್ಲಿಟ್ಟ ಹೆಸರು ಲಛಮನ್ ದೇವ. ಬೇಟೆಯ ಹುಚ್ಚು. ಒಂದು ದಿನ ಹೆಣ್ಣು ಜಿಂಕೆಯೊಂದನ್ನು ಹೊಡೆದು ಹೊಟ್ಟೆ ಸೀಳಿದರೆ ಒಳಗೆ ಎರಡು ಮರಿ. ಅವನ ಕಣ್ಣ ಮುಂದೆಯೇ ಒದ್ದಾಡಿ ಸತ್ತವು ಅಂತ ಕಥೆ. ಅವತ್ತು ಬಿಲ್ಲು ಬಿಸಾಕಿದವನು ಮನೆಯನ್ನೂ ಬಿಟ್ಟ. ಬೈರಾಗಿಯಾದ, ಮಾಧೋ ದಾಸ ಅಂತ ಹೆಸರು ಬದಲಾಯಿತು. ಸಾಧುಗಳ ಹಿಂದೆ ಊರೂರು ತಿರುಗಿ, ನಾಸಿಕ ಕಂಡು, ಒಬ್ಬ ಯೋಗಿಯ ಹತ್ತಿರ ಮಂತ್ರ ತಂತ್ರ ಕಲಿತು ನಾಂದೇಡಕ್ಕೆ ಬಂದು ಕೂತ.

ಇಲ್ಲಿ ಒಂದು ತಮಾಷೆ ನೋಡು. ಒಂದು ಊರಲ್ಲಿ ನಿಲ್ಲಲಾರದೆ ಇಡೀ ದೇಶ ಅಳೆದವನು ಕಡೆಗೆ ಒಂದು ಮಂಚಕ್ಕೆ ಅಂಟಿಕೊಂಡ. ಮಠ ಆಯಿತು, ಶಿಷ್ಯರಾದರು. ಆ ಮಂಚದ ಮೇಲೆ ಬೇರೆ ಯಾರಾದರೂ ಕೂತರೆ ಮಂತ್ರಶಕ್ತಿಯಿಂದ ಉರುಳಿಸಿಬಿಡುತ್ತಾನೆ ಅಂತ ಸುತ್ತಲಿನವರಿಗೆ ಹೆದರಿಕೆ. ಜಿಂಕೆ ಮರಿಗಾಗಿ ಅತ್ತು ಹೊರಟ ಹುಡುಗ ಹೋಗಿ ಮುಟ್ಟಿದ್ದು ಅಲ್ಲಿಗೆ. ತಿರುಗಾಟದಿಂದ ಮನುಷ್ಯ ಹಗುರಾಗುತ್ತಾನೆ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಹಗುರಾದವರನ್ನು ನೋಡಿದ್ದೇನೆ, ತಾವು ತಿರುಗಿದ ಊರಿನ ಪಟ್ಟಿಯನ್ನೇ ಹೊರೆ ಮಾಡಿಕೊಂಡು ಹೊತ್ತವರನ್ನೂ ನೋಡಿದ್ದೇನೆ.

1708ರಲ್ಲಿ ಗುರು ಗೋವಿಂದ ಸಿಂಗರು ನಾಂದೇಡಕ್ಕೆ ಬಂದರು. ಔರಂಗಜೇಬ ಸತ್ತು ಮಕ್ಕಳು ಗಾದಿಗೆ ಬಡಿದಾಡುತ್ತಿದ್ದ ಕಾಲ. ದೊಡ್ಡವನು ಬಹಾದ್ದೂರ ಶಾ ತನ್ನ ತಮ್ಮ ಕಾಮಬಕ್ಷನ ಮೇಲೆ ದಂಡೆತ್ತಿ ದಕ್ಷಿಣಕ್ಕೆ ಬಂದಿದ್ದ. ಆ ಕಾಮಬಕ್ಷ ಆಳುತ್ತಿದ್ದುದು ನಮ್ಮ ವಿಜಾಪುರದ ಕಡೆ. ಗುರುಗಳು ಆ ದಂಡಿನ ಜೊತೆಯಲ್ಲಿ ಬಂದವರು. ನಾಲ್ಕು ಮಕ್ಕಳನ್ನೂ ಆಗಲೇ ಕಳಕೊಂಡಿದ್ದರು. ದೊಡ್ಡವರಿಬ್ಬರು ಯುದ್ಧದಲ್ಲಿ ಹೋದರು, ಸಣ್ಣವರಿಬ್ಬರನ್ನು ಸರಹಿಂದದ ಫೌಜದಾರ ವಜೀರ ಖಾನ ಕೊಲ್ಲಿಸಿದ.

ಗುರುಗಳು ನೆಟ್ಟಗೆ ಮಠಕ್ಕೆ ಹೋಗಿ ಅದೇ ಮಂಚದ ಮೇಲೆ ಕೂತುಬಿಟ್ಟರಂತೆ. ಶಿಷ್ಯರು ಓಡಿ ಹೋಗಿ ಹೇಳಿದರು. ಮಾಧೋ ದಾಸ ಬಂದು ಗೊತ್ತಿದ್ದ ಮಂತ್ರವನ್ನೆಲ್ಲ ಹಾಕಿದ. ಮಂಚ ಅಲ್ಲಾಡಲಿಲ್ಲ. ನೀನು ಯಾರು ಅಂತ ಕೇಳಿದಾಗ, ನಿಮ್ಮ ಬಂದಾ ಅಂದ. ಬಂದಾ ಅಂದರೆ ಆಳು. ಆ ಹೆಸರೇ ನಿಂತಿತು. ಗುರುಗಳು ಅವನ ಕೈಗೆ ಐದು ಬಾಣ, ಒಂದು ನಗಾರಿ, ಒಂದು ನಿಶಾನೆ ಕೊಟ್ಟು, ಜೊತೆಗೆ ಐದು ಜನ ಸಿಖ್ಖರನ್ನು ಕಳಿಸಿ ಪಂಜಾಬಿಗೆ ಹೋಗು ಅಂದರು. ಅಕ್ಟೋಬರದಲ್ಲಿ ಗುರುಗಳು ನಾಂದೇಡದಲ್ಲೇ ತೀರಿಕೊಂಡರು. ಬಿಲ್ಲು ಬಿಸಾಕಿ ಬಂದವನು ಬಾಣ ಹಿಡಿದು ಬಂದ ದಾರಿಗೇ ತಿರುಗಿದ.

ಮುಂದಿನದು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಹಾಡುವವರು ಅದನ್ನೇ ಹೆಚ್ಚು ಹಾಡುತ್ತಾರೆ. 1709ರಲ್ಲಿ ಸಮಾನಾ ಬಿತ್ತು. 1710ರ ಮೇ ತಿಂಗಳಲ್ಲಿ ಛಪ್ಪರ್ ಚಿರಿಯ ಬಯಲಲ್ಲಿ ವಜೀರ ಖಾನ ಸತ್ತ, ಸರಹಿಂದ ಕೈಗೆ ಬಂತು. ಬಂದಾ ಜಮೀನ್ದಾರಿ ಕಿತ್ತು ಉಳುವವರಿಗೇ ನೆಲ ಕೊಟ್ಟ ಅನ್ನುತ್ತಾರೆ. ನಮ್ಮಲ್ಲಿ ಆ ಮಾತು ಕಾಯಿದೆಯಾಗಿ ಗಟ್ಟಿಯಾಗಲಿಕ್ಕೆ 1974ರ ತನಕ ಕಾಯಬೇಕಾಯಿತು. ನಾಣ್ಯ ಹೊಡೆಸಿದಾಗ ತನ್ನ ಹೆಸರು ಹಾಕಲಿಲ್ಲ, ಗುರುಗಳ ಹೆಸರು ಹಾಕಿದ. ಇದು ನನಗೆ ಬಹಳ ಹಿಡಿಸಿದ್ದು. ಆದರೆ ಆ ಊರುಗಳಲ್ಲಿ ಸತ್ತವರೆಲ್ಲ ವಜೀರ ಖಾನರಲ್ಲ ತಮ್ಮಾ. ಲೂಟಿಯಾಯಿತು, ಏನೂ ಅರಿಯದವರೂ ಸತ್ತರು. ಧರ್ಮಯುದ್ಧ ಅನ್ನುವ ಮಾತನ್ನು ಕಟ್ಟೆ ಮೇಲೆ ಕೂತ ನಾವು ಸಲೀಸಾಗಿ ಆಡುತ್ತೇವೆ, ಬಂದೂಕು ಹೊತ್ತ ನೀನು ಆಡಿದ್ದನ್ನು ನಾನು ಕೇಳಿಲ್ಲ. ಜಿಂಕೆಯ ಹೊಟ್ಟೆ ಸೀಳಿದ ಆ ಕೈ ಆ ದಿನಗಳಲ್ಲಿ ರಾತ್ರಿ ನಿದ್ದೆ ಮಾಡಿತೋ ಇಲ್ಲವೋ, ಯಾವ ಬಖೈರಿನವನೂ ಬರೆದಿಟ್ಟಿಲ್ಲ.

ನಾನು ನಿನಗೆ ಹೇಳಬೇಕೆಂದದ್ದು ಗೆಲುವಿನ ಮಾತಲ್ಲ. ಅದೇ 1710ರ ಕಡೆಯ ತಿಂಗಳು. ಬಂದಾನ ರಾಜಧಾನಿ ಲೋಹಗಡವನ್ನು ಬಾದಶಹ ಬಹಾದ್ದೂರ ಶಾನೇ ಬಂದು ಮುತ್ತಿದ. ಒಳಗೆ ಕಾಳು ಮುಗಿಯಿತು. ಆಗ ಗುಲಾಬ ಸಿಂಗ ಅನ್ನುವವನು, ನೋಡಲಿಕ್ಕೆ ಬಂದಾನ ಹಾಗೇ ಇದ್ದವನು, ಅವನ ಬಟ್ಟೆ ತೊಟ್ಟು ಅವನ ಜಾಗದಲ್ಲಿ ಕೂತ. ಬಂದಾ ರಾತ್ರಿಯಲ್ಲಿ ಗುಡ್ಡ ಹತ್ತಿ ಪಾರಾದ. ಬೆಳಗಾದ ಮೇಲೆ ಕೋಟೆಗೆ ನುಗ್ಗಿದವರಿಗೆ ಸಿಕ್ಕವನು ಗುಲಾಬ ಸಿಂಗ. ಬಂದಾನಿಗೆ ಅಂತ ಮಾಡಿಸಿದ್ದ ಕಬ್ಬಿಣದ ಪಂಜರದಲ್ಲಿ ಅವನನ್ನು ಹಾಕಿ ದಿಲ್ಲಿಗೆ ಸಾಗಿಸಿದರು.

ಬಂದಾ ಹೋದದ್ದು ತಪ್ಪು ಅಂತ ನಾನು ಹೇಳಲಾರೆ. ಅವನು ಉಳಿದದ್ದರಿಂದ ಕೆಲಸ ಉಳಿಯಿತು. ಆದರೆ ನನ್ನ ಮನಸ್ಸು ಗುಡ್ಡ ಹತ್ತಿದವನ ಹಿಂದೆ ಹೋಗುವುದಿಲ್ಲ, ಆ ಬಟ್ಟೆ ತೊಟ್ಟು ಕೂತವನ ಹತ್ತಿರವೇ ನಿಲ್ಲುತ್ತದೆ. ಯಾಕೆ ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನೇ ಹೇಳುತ್ತೇನೆ.

1974ರಲ್ಲಿ ನನಗೆ ಇಪ್ಪತ್ಮೂರು. ಮಾಸ್ತರಿಕೆ ಸಿಕ್ಕು ವರ್ಷ ಆಗಿತ್ತು. ಆಷಾಢದಲ್ಲಿ ಪಂಢರಪುರಕ್ಕೆ ಹೊರಟ ದಿಂಡಿ ನಮ್ಮೂರ ಮೇಲೆ ಹಾದು ಹೋಯಿತು. ತಾಳ ಮೃದಂಗದ ಸದ್ದಿಗೆ ಹೊರಗೆ ಬಂದವನು ಹಾಗೇ ಅವರ ಹಿಂದೆ ನಡೆದೆ. ಚಪ್ಪಲಿ ಕೂಡ ಇರಲಿಲ್ಲ. ಪಂಢರಪುರದಲ್ಲಿ ಅವರು ವಾಪಸಾದರು, ನಾನು ನಾಸಿಕಕ್ಕೆ ಹೋದೆ, ಅಲ್ಲಿಂದ ರೈಲು ಹತ್ತಿ ಹರಿದ್ವಾರ. ಭಕ್ತಿ ಅಂತ ಆಗ ಹೇಳಿಕೊಂಡೆ. ಈಗ ಯೋಚಿಸಿದರೆ, ಅರ್ಧ ಭಕ್ತಿ, ಅರ್ಧ ಮೂರನೇ ಇಯತ್ತೆಯ ಹಾಜರಿ ಪುಸ್ತಕದ ಬೇಸರ. ಒಂದು ಕಾರ್ಡು ಸಹ ಬರೆಯಲಿಲ್ಲ. ಸುಳ್ಳು ಯಾಕೆ, ಆ ಏಳು ತಿಂಗಳಷ್ಟು ಸುಖವಾಗಿ ನಾನು ಮುಂದೆ ಯಾವತ್ತೂ ಇರಲಿಲ್ಲ.

ಸಂಕ್ರಾಂತಿ ಹೊತ್ತಿಗೆ ತಿರುಗಿ ಬಂದೆ. ಅಪ್ಪನಿಗೆ ಶ್ರಾವಣದಲ್ಲೇ ಲಕ್ವಾ ಹೊಡೆದಿತ್ತು. ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗಬೇಕಿದ್ದ ಅಕ್ಕ, ಅಂದರೆ ನಿನ್ನ ಅಜ್ಜಿ, ಹೋಗದೆ ಉಳಿದಿದ್ದಳು. ತೊಟ್ಟಿಲಲ್ಲಿ ನಿಮ್ಮಪ್ಪ, ಹೊರಸಿನ ಮೇಲೆ ನಮ್ಮಪ್ಪ, ಕೊಟ್ಟಿಗೆಯಲ್ಲಿ ನಾಲ್ಕು ದನ. ನಾನು ಅಂಗಳದಲ್ಲಿ ನಿಂತಾಗ ಅವಳು ಒಂದು ಮಾತೂ ಬೈಯಲಿಲ್ಲ. ಬಿಸಿನೀರು ತಂದು ಕಾಲಿಗೆ ಸುರಿದಳು. ತಂಬಿಗೆ ಹಿಡಿದ ಕೈ ನೋಡಿದೆ. ಎರಡೂ ಅಂಗೈಗೆ ಹಳೆ ಸೀರೆಯ ಪಟ್ಟಿ ಸುತ್ತಿತ್ತು, ಅಂಚಿನಲ್ಲಿ ಚರ್ಮ ಸುಲಿದು ಕಪ್ಪಾಗಿತ್ತು. ಏನಾಯಿತು ಅಂದೆ. "ಏನಿಲ್ಲೋ, ಬಾವಿ ಹಗ್ಗ" ಅಂದಳು. ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಎರಡು ರೊಟ್ಟಿ ತಿಂದೆ. ಮೂರನೆಯದು ಗಂಟಲಲ್ಲಿ ಇಳಿಯಲಿಲ್ಲ.

ನೌಕರಿ ಹೋಗಿತ್ತು, ಎರಡು ವರ್ಷದ ಮೇಲೆ ಮತ್ತೆ ಸಿಕ್ಕಿತು. ಅದು ದೊಡ್ಡ ಮಾತಲ್ಲ. ಬಂದಾನಿಗೆ ತನ್ನ ಜಾಗದಲ್ಲಿ ಯಾರು ಕೂತರು ಅಂತ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಾನು ಹರಿದ್ವಾರದಲ್ಲಿ ಗಂಗೆಗೆ ಕೈ ಮುಗಿದು ನಿಂತ ಅದೇ ಹೊತ್ತಿಗೆ ಇಲ್ಲಿ ಒಬ್ಬಳು ಹಗ್ಗ ಜಗ್ಗುತ್ತಿದ್ದಳು.

ಇನ್ನೂ ಒಂದು ಸಂಗತಿ ಉಂಟು. 1715ರಲ್ಲಿ ಗುರುದಾಸ ನಂಗಲ್ ಅನ್ನುವ ಹಳ್ಳಿಯ ಒಂದು ಹವೇಲಿಯಲ್ಲಿ ಬಂದಾ ಮತ್ತೆ ಸಿಕ್ಕಿಬಿದ್ದ. ಎಂಟು ತಿಂಗಳ ಮುತ್ತಿಗೆ. ಕುದುರೆ, ಕತ್ತೆ ಕೊಯ್ದು ತಿಂದರು, ಆಮೇಲೆ ಹುಲ್ಲು, ಎಲೆ, ತೊಗಟೆ. ಮುತ್ತಿಗೆ ಒಡೆದು ಹೊರಬೀಳೋಣ ಅಂದವನು ಬಿನೋದ ಸಿಂಗ. ನಾಂದೇಡದಿಂದ ಜೊತೆಗೆ ಬಂದ ಐವರಲ್ಲಿ ಒಬ್ಬ, ವಯಸ್ಸಿನಲ್ಲಿ ಹಿರಿಯ. ಇಲ್ಲೇ ಇರೋಣ ಅಂದವನು ಬಂದಾ. ಕತ್ತಿ ಹಿರಿಯುವ ತನಕ ಮಾತು ಬೆಳೆಯಿತು. ಬಿನೋದನ ಮಗ ನಡುವೆ ಬಂದು, ಇಬ್ಬರಲ್ಲಿ ಒಬ್ಬರು ಹೋಗಲಿ ಅಂದ. ಬಿನೋದ ಶತ್ರುವಿನ ಸಾಲು ಸೀಳಿಕೊಂಡು ಹೊರಟುಹೋದ. ಬಂದಾ ಉಳಿದ. ಊರೂರು ತಿರುಗಿದ ಬೈರಾಗಿ, ಲೋಹಗಡದಿಂದ ರಾತ್ರೋರಾತ್ರಿ ಪಾರಾದವನು, ಈ ಸಲ ಜಪ್ಪಯ್ಯ ಅಂದರೂ ಏಳಲಿಲ್ಲ. ದಂಡಿನ ಲೆಕ್ಕದಲ್ಲಿ ಬಿನೋದನದೇ ಸರಿಯಿತ್ತೋ ಏನೋ, ಅದನ್ನು ನನಗಿಂತ ನೀನು ಚೆನ್ನಾಗಿ ಹೇಳಬಲ್ಲೆ. ನನಗೆ ಅನಿಸುವುದು ಬೇರೆ. ತನ್ನ ಬಟ್ಟೆಯನ್ನು ಇನ್ನೊಬ್ಬನಿಗೆ ತೊಡಿಸಿ ಹೋಗುವುದು ಒಂದು ಸಲ ಸಾಕು ಅಂತ ಅವನಿಗೆ ಅನಿಸಿರಬೇಕು.

ಆ ಡಿಸೆಂಬರಿನಲ್ಲಿ ಸೆರೆ ಸಿಕ್ಕ. ಈ ಸಲ ಪಂಜರದಲ್ಲಿ ಅವನೇ ಇದ್ದ. ಮರು ವರ್ಷ ಜೂನ್‌ನಲ್ಲಿ ದಿಲ್ಲಿಯಲ್ಲಿ ಅವನನ್ನು ಕೊಂದರು. ಅವನ ಎಳೆಯ ಮಗನನ್ನು ಮೊದಲು ಕೊಂದರು. ಆ ವಿವರ ಬೇಡ.

ನಂಬಿಕೆಯ ಮಾತಿಗೆ ಬರುತ್ತೇನೆ. ಅವನ ಜೊತೆ ಹಿಡಿದು ತಂದವರು ಸುಮಾರು ಏಳುನೂರು ಜನ. ಧರ್ಮ ಬಿಟ್ಟರೆ ಜೀವ ಉಳಿಸುತ್ತೇವೆ ಅಂದರೂ ಒಬ್ಬನೂ ಬಿಡಲಿಲ್ಲ ಅಂತ ಆಗ ದಿಲ್ಲಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷರೇ ಕಾಗದ ಬರೆದಿದ್ದಾರೆ. ಖಾಫಿ ಖಾನ ಅನ್ನುವ ಇತಿಹಾಸಕಾರ ಅವರಲ್ಲೊಬ್ಬ ಹುಡುಗನ ಮಾತು ಬರೆದಿಟ್ಟಿದ್ದಾನೆ. ಅವನ ತಾಯಿ ಅವರಿವರ ಕಾಲು ಹಿಡಿದು, ನನ್ನ ಮಗ ಸಿಖ್ಖನಲ್ಲ, ಸುಮ್ಮನೆ ಸಿಕ್ಕಿಕೊಂಡವನು ಅಂತ ಬಿಡುಗಡೆಯ ಹುಕುಂ ತಂದಳು. ಹುಡುಗ, ಇವಳು ಸುಳ್ಳು ಹೇಳುತ್ತಾಳೆ, ನನ್ನನ್ನು ನನ್ನವರ ಹತ್ತಿರ ಕಳಿಸಿ ಅಂದ. ಕಳಿಸಿದರು. ಎಲ್ಲರೂ ಆ ಹುಡುಗನನ್ನು ಹೊಗಳುತ್ತಾರೆ. ನಾನೂ ಪಾಠ ಮಾಡುವಾಗ ಹೊಗಳಿದ್ದೇನೆ. ವಯಸ್ಸಾದ ಮೇಲೆ ನನಗೆ ಆ ಹುಕುಂ ಕೈಯಲ್ಲಿ ಹಿಡಿದು ನಿಂತ ತಾಯಿಯೇ ಕಾಣುತ್ತಾಳೆ. ನೀನು ಅಂಥ ನಂಬಿಕೆ ನನಗಿಲ್ಲ ಅಂತ ನಾಚುವುದು ಬೇಡ.

ನಮ್ಮ ಬೀದರದವನೇ ಒಬ್ಬ ಇದ್ದಾನಲ್ಲ, ಅವನನ್ನು ನೋಡು. ಸಾಹಿಬ ಚಂದ, ಕ್ಷೌರದ ಮನೆತನದವನು. ಸಣ್ಣವನಿದ್ದಾಗ ನಾನಕ ಝೀರಾ ಗುರುದ್ವಾರದಲ್ಲಿ ಲಂಗರಿನ ದಾಲ್ ರೊಟ್ಟಿ ತಿನ್ನುತ್ತ ನೀನು ಅವನ ಕಥೆ ಕೇಳಿದ್ದಿ. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಗುರುಗಳು ಕತ್ತಿ ಹಿರಿದು ಒಂದು ತಲೆ ಬೇಕು ಅಂದರು. ಒಬ್ಬ ಎದ್ದ, ಡೇರೆಯೊಳಗೆ ಹೋದ. ಗುರುಗಳು ರಕ್ತ ಹತ್ತಿದ ಕತ್ತಿಯೊಂದಿಗೆ ಹೊರಬಂದು ಮತ್ತೆ ಕೇಳಿದರು. ಹೀಗೆ ಐದು ಸಲ. ಐದನೆಯವನಾಗಿ ಎದ್ದವನು ನಮ್ಮ ಸಾಹಿಬ ಚಂದ. ಬೀದರದವರು ಯಾವುದಕ್ಕೂ ಕಡೆಗೇ ಏಳುವವರು ಅಂತ ನಾವು ನಗುತ್ತೇವೆ. ಆದರೆ ನಾಲ್ಕು ಸಲ ಕರೆ ಬಂದಾಗ ಅವನು ನೆಲ ಬಿಟ್ಟು ಏಳಲಿಲ್ಲ. ಆ ನಾಲ್ಕು ಸಲ ಅವನೊಳಗೆ ಏನು ನಡೆಯಿತು? ನೀನು ದೇವರ ಮುಂದೆ ಸಾಲಿನಲ್ಲಿ ನಿಂತು ಒಳಗೆ ಏನೂ ಆಗೂದಿಲ್ಲ ಅಂದಿಯಲ್ಲ, ಅದೇ ನಡೆದಿರಬಹುದು. ಹಾಗೆ ಎದ್ದ ಐವರಾದ ಪಂಚ ಪ್ಯಾರೇಗಳಲ್ಲಿ ಅವನನ್ನೂ ಎಣಿಸುತ್ತಾರೆ, ನಾಲ್ಕು ಸಲ ಕೂತಿದ್ದ ಅಂತ ಬಿಟ್ಟಿಲ್ಲ.

ಅರ್ಜಿ ಹಾಕು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ನಾಲ್ವರಲ್ಲಿ ಒಬ್ಬನನ್ನು ಇಟ್ಟುಕೊಳ್ಳುತ್ತಾರೆ, ಅರ್ಜಿ ಹಾಕಿದರೂ ಸಿಗುತ್ತದೆ ಅಂತಿಲ್ಲ. ಬೈಕು ತಗೊ, ಆದರೆ ನಾಲ್ಕು ವರ್ಷ ಮುಗಿದಾಗ ಕೈಗೆ ಬರುವ ಸೇವಾ ನಿಧಿಯ ದುಡ್ಡೆಲ್ಲ ಅದಕ್ಕೇ ಸುರಿಯಬೇಡ. ಹೋಗುವುದಾದರೆ ಹಗಲಲ್ಲಿ ಹೋಗು, ನಿಮ್ಮಪ್ಪನಿಗೆ ಎದುರು ಕೂತು ಹೇಳಿ ಹೋಗು. ಅವನ ಬಿ.ಪಿ. ಗುಳಿಗೆ ಯಾರು ತಂದುಕೊಡುತ್ತಾರೆ, ಸೊಸೈಟಿ ಸಾಲದ ಕಂತು ಯಾರು ಕಟ್ಟುತ್ತಾರೆ, ನಿನ್ನ ತಂಗಿಯ ಫೀಸು ಯಾರದು ಅಂತ ಒಂದು ಹಾಳೆಯಲ್ಲಿ ಹೆಸರು ಬರೆ. ಆ ಹೆಸರಿನವರನ್ನು ಕೇಳಿಯೇ ಬರೆ. ಆಮೇಲೆ ಲಡಾಖಕ್ಕೆ ಹೋಗು, ಕನ್ಯಾಕುಮಾರಿಗೆ ಹೋಗು, ನಾನು ಅಡ್ಡ ಬರುವುದಿಲ್ಲ. ವಾರಕ್ಕೊಂದು ಫೋನು ಮಾಡು, ಅಷ್ಟು ಸಾಕು.

ಬರುವ ರಜೆಯಲ್ಲಿ ಇಬ್ಬರೂ ಉದಗೀರ ಮೇಲಿಂದ ನಾಂದೇಡಕ್ಕೆ ಹೋಗಿ ಬರೋಣ. ಬೆಳಿಗ್ಗೆ ಬಸ್ಸು ಹತ್ತಿದರೆ ಲಂಗರಿನ ಊಟಕ್ಕೆ ಮುಟ್ಟುತ್ತೇವೆ. ಸಂಜೆ ಬಂದಾ ಘಾಟಿನಲ್ಲಿ ಕೂತರೆ ಗೋದಾವರಿ ಮೇಲೆ ಗಾಳಿ ಚೆನ್ನಾಗಿ ಬೀಸುತ್ತದೆ.

ನಿನ್ನ ಅಜ್ಜಿ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಾಳೆ. ಕಣ್ಣಿಗೆ ಪೊರೆ ಬಂದಾಗಿನಿಂದ ಅಕ್ಷರ ಕಾಣುವುದಿಲ್ಲ, ಹುಡುಗನಿಗೆ ಏನು ಬರೆದಿ, ಓದು ಅಂತ ಆಗಿಂದ ಹಟ ಹಿಡಿದಿದ್ದಾಳೆ. ಓದುತ್ತೇನೆ. ಬಾವಿ ಹಗ್ಗದ ಸಾಲು ಬಂದಾಗ ಹಾಳೆ ತಿರುವಿದಂತೆ ಮಾಡಿ ದಾಟಿಸಿಬಿಡುತ್ತೇನೆ.

ನಿನ್ನ ಮುತ್ಯಾ