ಕಿವಿಗೆ ಕನ್ನಡಕವುಂಟೆ?

ಕಣ್ಣು ಮಂಜಾದವರು ತಕ್ಕ ಕನ್ನಡಕವನ್ನು ಧರಿಸಿದರೆ ಪುಸ್ತಕದ ಅಕ್ಷರಗಳು ಆ ಕ್ಷಣದಲ್ಲಿಯೇ ಸ್ಪಷ್ಟವಾಗುತ್ತವೆ. ಕಿವಿ ಮಂದವಾದವರು ಶ್ರವಣ ಸಾಧನವನ್ನು ಧರಿಸಿದರೆ ಮಾತೂ ಹಾಗೆಯೇ ಸ್ಪಷ್ಟವಾಗಬೇಕೆಂದು ನಾವೆಲ್ಲರೂ ಎಣಿಸುತ್ತೇವೆ. ನಾನೂ ಹಾಗೆಯೇ ಎಣಿಸಿದ್ದೆನು. ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನಾಗಿದ್ದೂ ನಾನು ಮಾಡಿದ ಈ ತಪ್ಪಿನಿಂದ ನಮ್ಮ ತಂದೆಯವರು ಎರಡು ವರ್ಷಗಳ ಕಾಲ ಮನೆಯವರ ನಡುವೆ ಇದ್ದೂ ಅವರ ಮಾತಿನಿಂದ ದೂರವೇ ಉಳಿದರು. ಆ ತಪ್ಪು ಯಾವುದು, ಅದನ್ನು ತಿದ್ದಿದ ವಿಜ್ಞಾನ ಯಾವುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಓದುಗರಲ್ಲಿ ಹಲವರ ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಇದೇ ಸ್ಥಿತಿಯಲ್ಲಿರಬಹುದು. ಕೆಲವರು ತಾವೇ ಹಿಂದಿನ ಬೆಂಚಿನಲ್ಲಿ ಕುಳಿತು ಅರ್ಧ ಪಾಠವನ್ನು ಮಾತ್ರ ಕೇಳುತ್ತಲೂ ಇರಬಹುದು.

"ಕೇಳಿಸುತ್ತದೆ ಕಣಪ್ಪ, ಆದರೆ ಏನೆಂದು ತಿಳಿಯುವುದಿಲ್ಲ" ಎಂದು ತಂದೆಯವರು ಆಗಾಗ್ಗೆ ಹೇಳುತ್ತಿದ್ದರು. ಹೊರಗೆ ಲಾರಿ ಬಂದರೆ ಅವರಿಗೆ ಕೇಳಿಸುತ್ತಿತ್ತು. ಮೊಮ್ಮಗಳ ಪ್ರಶ್ನೆ ತಿಳಿಯುತ್ತಿರಲಿಲ್ಲ. "ಅವರಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ" ಎಂದು ನಾವು ನಗುತ್ತಿದ್ದೆವು. ನಗುವ ಬದಲು ಅವರ ಆ ಮಾತನ್ನು ನಾವು ವಿಚಾರಿಸಿ ನೋಡಬೇಕಾಗಿತ್ತು.

ಕೇಳಿಸಿಯೂ ತಿಳಿಯದಿರುವುದೇಕೆ?

ನಮ್ಮ ಕಿವಿ ಸೆಕೆಂಡಿಗೆ ಸುಮಾರು 20 ರಿಂದ 20,000 ಕಂಪನಗಳವರೆಗಿನ ಶಬ್ದಗಳನ್ನು ಗ್ರಹಿಸಬಲ್ಲದು. ಸೆಕೆಂಡಿಗೆ ಒಂದು ಕಂಪನವನ್ನು ಒಂದು ಹರ್ಟ್ಸ್ ಎನ್ನುತ್ತೇವೆ. ಮಾತನ್ನು ಅರ್ಥಮಾಡಿಕೊಳ್ಳಲು ಬೇಕಾದುದರ ಬಹುಭಾಗ 250 ರಿಂದ 8,000 ಹರ್ಟ್ಸುಗಳ ನಡುವೆ ಇದೆ. ಆದರೆ ಈ ಹರವಿನಲ್ಲಿ ಎಲ್ಲ ಅಕ್ಷರಗಳ ಪಾಲೂ ಒಂದೇ ಅಲ್ಲ. ಅ, ಆ, ಉ, ಒ ಮೊದಲಾದ ಸ್ವರಗಳು ತಗ್ಗಿನ ಆವೃತ್ತಿಗಳಲ್ಲಿ ಬಲವಾಗಿರುತ್ತವೆ. ಮಾತಿನ ಸದ್ದೆಲ್ಲ ಬಹುಮಟ್ಟಿಗೆ ಅವುಗಳದೇ. ಸ, ಶ, ಚ, ತ, ಪ ಮೊದಲಾದ ವ್ಯಂಜನಗಳು ದುರ್ಬಲವಾದವು. ಅವುಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ಗುರುತುಗಳು ಹೆಚ್ಚಾಗಿ ಮೇಲಿನ ಆವೃತ್ತಿಗಳಲ್ಲಿವೆ.

ಮುತ್ತು, ಮುಪ್ಪು, ಮುಟ್ಟು, ಮುಚ್ಚು, ಮುಕ್ಕು ಎಂಬ ಐದು ಪದಗಳನ್ನು ಗಟ್ಟಿಯಾಗಿ ಓದಿ ನೋಡಿರಿ. ಐದರಲ್ಲಿಯೂ ಸ್ವರಗಳು ಒಂದೇ. ನಡುವಿನ ವ್ಯಂಜನ ಮಾತ್ರ ಬೇರೆ. ಮೇಲಿನ ಆವೃತ್ತಿಗಳು ಕೇಳಿಸದ ಕಿವಿಗೆ ಈ ಐದೂ ಒಂದೇ ಪದದಂತೆ ತೋರಬಹುದು. ಆಡಿದವನು ಮುತ್ತು ಎಂದನೋ ಮುಪ್ಪು ಎಂದನೋ ಎಂಬುದನ್ನು ಕೇಳುವವರು ಸಂದರ್ಭದಿಂದ ಊಹಿಸಬೇಕು. ದಿನವಿಡೀ ಹೀಗೆ ಊಹಿಸುವುದು ಎಷ್ಟು ಆಯಾಸದ ಕೆಲಸವೆಂಬುದನ್ನು ಯೋಚಿಸಿರಿ!

ಈ ನಷ್ಟಕ್ಕೆ ಕಾರಣ ಒಳಗಿವಿಯ ರಚನೆಯಲ್ಲಿದೆ. ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯ ಎಂಬ ಅಂಗದಲ್ಲಿ ಸಾವಿರಾರು ರೋಮಕೋಶಗಳು ಸಾಲಾಗಿ ನಿಂತಿವೆ. ಶಂಖದ ಬುಡದ ಭಾಗ ಹೆಚ್ಚಿನ ಆವೃತ್ತಿಗಳಿಗೂ ತುದಿಯ ಭಾಗ ಕಡಿಮೆ ಆವೃತ್ತಿಗಳಿಗೂ ಸ್ಪಂದಿಸುತ್ತದೆ. ಶಬ್ದವು ಈ ಸುರುಳಿಯಲ್ಲಿ ಅಲೆಯಾಗಿ ಸಾಗುವುದನ್ನು ತೋರಿಸಿಕೊಟ್ಟ ಗೇಯಾರ್ಗ್ ಫಾನ್ ಬೇಕೆಸಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಯಸ್ಸಿನಿಂದಲೂ ಅತಿಯಾದ ಗದ್ದಲದಿಂದಲೂ ಸಾಮಾನ್ಯವಾಗಿ ಮೊದಲು ಹಾಳಾಗುವುದು ಬುಡದ ಕಡೆಯ ಕೋಶಗಳು. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಶ್ರವಣಶಕ್ತಿಯನ್ನು ಅಳೆಯುವ ಬಗೆ

ಬೇರೆ ಬೇರೆ ಆವೃತ್ತಿಗಳಲ್ಲಿ ಒಬ್ಬರಿಗೆ ಕೇಳಿಸುವ ಅತ್ಯಂತ ಮೆಲ್ಲನೆಯ ಶಬ್ದವನ್ನು ಗುರುತಿಸಿ ಬರೆದ ನಕ್ಷೆಯೇ ಆಡಿಯೋಗ್ರಾಂ. ಇದರಲ್ಲಿ ಆರೋಗ್ಯವಂತ ಕಿವಿಯ ಮಿತಿಯನ್ನು 0 ಡೆಸಿಬೆಲ್ ಎಂದಿಟ್ಟುಕೊಂಡಿರುತ್ತಾರೆ. ಡೆಸಿಬೆಲ್ ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ: 10 ಡೆಸಿಬೆಲ್ ಹೆಚ್ಚಾದರೆ ಶಬ್ದದ ತೀವ್ರತೆ ಹತ್ತುಪಟ್ಟು, 20 ಹೆಚ್ಚಾದರೆ ನೂರುಪಟ್ಟು.

ನಮ್ಮ ತಂದೆಯವರಿಗೆ 500 ಹರ್ಟ್ಸಿನಲ್ಲಿ 25, 1,000ದಲ್ಲಿ 35, 2,000ದಲ್ಲಿ 55, 4,000ದಲ್ಲಿ 70 ಡೆಸಿಬೆಲ್ ಬೇಕೆಂದು ನಕ್ಷೆ ತೋರಿಸಿತು. ಅಂದರೆ 500 ಹರ್ಟ್ಸಿನಲ್ಲಿ ಅವರಿಗೆ ಬೇಕಾದ ತೀವ್ರತೆ ಸಾಮಾನ್ಯರಿಗಿಂತ ಸುಮಾರು 300 ಪಟ್ಟು. 4,000 ಹರ್ಟ್ಸಿನಲ್ಲಿ ಒಂದು ಕೋಟಿ ಪಟ್ಟು! ನಾಲ್ಕರ ಸರಾಸರಿ 46 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ 35 ರಿಂದ 50ರವರೆಗಿನದು ಮಧ್ಯಮ ಶ್ರವಣದೋಷ. ಲಾರಿ ಕೇಳಿಸಿ, ಮೊಮ್ಮಗಳ ಮಾತು ತಿಳಿಯದೆ ಹೋದುದರ ಕಾರಣ ಈ ನಾಲ್ಕು ಸಂಖ್ಯೆಗಳಲ್ಲಿಯೇ ಇತ್ತು.

ಸಾಧನದ ಕೆಲಸ

ಶ್ರವಣ ಸಾಧನದಲ್ಲಿ ಮೂರು ಮುಖ್ಯ ಭಾಗಗಳು: ಶಬ್ದವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಮೈಕು, ಅದನ್ನು ಹಿಗ್ಗಿಸುವ ವರ್ಧಕ, ಮತ್ತೆ ಶಬ್ದವಾಗಿಸುವ ರಿಸೀವರು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತಷ್ಟೆ. ಟ್ರಾನ್ಸಿಸ್ಟರು ರೇಡಿಯೋ ಮಾರುಕಟ್ಟೆಗೆ ಬಂದದ್ದು 1954ರಲ್ಲಿ. ಅದಕ್ಕೂ ಮೊದಲೇ ಟ್ರಾನ್ಸಿಸ್ಟರುಗಳನ್ನು ಬಳಸಿದ ಶ್ರವಣ ಸಾಧನಗಳು ಬಂದಿದ್ದವು. ಇಂದಿನ ಸಾಧನಗಳಲ್ಲಿ ವರ್ಧಕದ ಜೊತೆಗೆ ಒಂದು ಪುಟ್ಟ ಗಣಕವೂ ಇರುತ್ತದೆ.

ಇನ್ನು ನನ್ನ ತಪ್ಪಿನ ವಿಚಾರ. ಪರೀಕ್ಷೆಯನ್ನೇ ಮಾಡಿಸದೆ, ಅಂಗಡಿಯೊಂದರಲ್ಲಿ ಒಂದೂವರೆ ಸಾವಿರ ರೂಪಾಯಿಗೆ ದೊರೆತ ಯಂತ್ರವನ್ನು ತಂದುಕೊಟ್ಟೆನು. ಅದು ಎಲ್ಲ ಆವೃತ್ತಿಗಳನ್ನೂ ಬಹುಮಟ್ಟಿಗೆ ಒಂದೇ ಸಮನಾಗಿ ಹಿಗ್ಗಿಸುವ ವರ್ಧಕವಾಗಿತ್ತು. ತಂದೆಯವರಿಗೆ ಮೊದಲೇ ಕೇಳಿಸುತ್ತಿದ್ದ ಲಾರಿ ಈಗ ಗುಡುಗಿನಂತೆ ಕೇಳಿಸಿತು. ಒಳಗಿವಿಯ ದೋಷವಿರುವವರಿಗೆ ಮೆಲ್ಲನೆಯ ಶಬ್ದ ಕೇಳಿಸದಿದ್ದರೂ ಗಟ್ಟಿಯಾದ ಶಬ್ದ ನಮಗೆ ಕೇಳಿಸುವಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. "ಜೋರಾಗಿ ಹೇಳು" ಎಂದವರೇ ಮರುಕ್ಷಣದಲ್ಲಿ "ಯಾಕೆ ಕಿರುಚುತ್ತೀಯೆ?" ಎನ್ನುವುದು ಇದೇ ಕಾರಣದಿಂದ. ಒಳ್ಳೆಯ ಸಾಧನವು ಮೆಲ್ಲನೆಯ ಶಬ್ದವನ್ನು ಹೆಚ್ಚಾಗಿಯೂ ಗಟ್ಟಿಯಾದುದನ್ನು ಕಡಿಮೆಯಾಗಿಯೂ ಹಿಗ್ಗಿಸಬೇಕು. ಅದೂ ನಕ್ಷೆಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಕೊರತೆಯಿದೆಯೋ ಅದಕ್ಕೆ ತಕ್ಕಂತೆ.

ಆ ಯಂತ್ರ ಸದಾ ಸಿಳ್ಳು ಹಾಕುತ್ತಲೂ ಇತ್ತು. ಕಾಲೇಜಿನ ಸಭಾಂಗಣದಲ್ಲಿ ಮೈಕು ಲೌಡ್‌ಸ್ಪೀಕರಿನ ಎದುರಿಗೆ ಬಂದಾಗ ಕೂಗುವುದನ್ನು ನೀವು ಕೇಳಿದ್ದೀರಿ. ಇಲ್ಲಿಯೂ ಆಗುವುದು ಅದೇ: ಕಿವಿಯಲ್ಲಿಟ್ಟ ಬಿರಡೆ ಸಡಿಲವಾಗಿದ್ದರೆ ಶಬ್ದ ಹೊರಕ್ಕೆ ಸೋರಿ ಮೈಕನ್ನು ಸೇರಿ ಮತ್ತೆ ಮತ್ತೆ ಹಿಗ್ಗುತ್ತದೆ. ಒಂದು ತಿಂಗಳಲ್ಲಿ ಯಂತ್ರ ಮೇಜಿನ ಡ್ರಾಯರನ್ನು ಸೇರಿತು. "ನನ್ನ ಕಿವಿಗೆ ಯಾವುದೂ ಆಗುವುದಿಲ್ಲ" ಎಂದು ತಂದೆಯವರು ತೀರ್ಮಾನಿಸಿಬಿಟ್ಟರು. ಕಳೆದ ಹಣಕ್ಕಿಂತ ಈ ತೀರ್ಮಾನವೇ ದೊಡ್ಡ ನಷ್ಟವಾಯಿತು.

ಹಣಕ್ಕೆ ತಕ್ಕ ಆಯ್ಕೆ

ಮೊದಲನೆಯದಾಗಿ, ಸಾಧನಕ್ಕೆ ಮುಂಚೆ ಕಿವಿಯ ವೈದ್ಯರನ್ನು ಕಾಣಬೇಕು. ಗುಗ್ಗೆ ಕಟ್ಟಿರುವುದು, ಕಿವಿ ಸೋರುವುದು, ಕಿವಿದಮಟೆಯಲ್ಲಿ ತೂತು ಬಿದ್ದಿರುವುದು ಇವುಗಳಿಗೆ ಚಿಕಿತ್ಸೆಯುಂಟು. ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಒಂದು ದಿನವನ್ನೂ ಕಳೆಯಬಾರದು.

ಎರಡನೆಯದಾಗಿ, ಅರ್ಹತೆಯುಳ್ಳ ಶ್ರವಣತಜ್ಞರಿಂದ ಪರೀಕ್ಷೆ ಮಾಡಿಸಿ ಆಡಿಯೋಗ್ರಾಮಿನ ಪ್ರತಿಯನ್ನು ಇಟ್ಟುಕೊಳ್ಳಬೇಕು. ಸಾಧನವನ್ನು ಆ ನಕ್ಷೆಗೆ ಹೊಂದಿಸಿ, ಸಾಧ್ಯವಾದಲ್ಲಿ ಕಿವಿಯೊಳಗೆ ಸಣ್ಣ ನಳಿಕೆಯ ಮೈಕನ್ನಿಟ್ಟು, ಹೊಂದಾಣಿಕೆ ಸರಿಯಾಗಿದೆಯೇ ಎಂದು ಅಳೆದು ನೋಡಬೇಕು. ಎರಡು ಕಿವಿಗಳೂ ಮಂದವಾಗಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಸಾಧನ ಒಳ್ಳೆಯದು.

ಮೂರನೆಯದಾಗಿ, ಮಾದರಿ. ಕಿವಿಯ ಹಿಂದೆ ಕೂರುವ ಸಾಧನ ಬಹುಮಂದಿಗೆ ಒಪ್ಪುತ್ತದೆ. ಕಿವಿಯೊಳಗೇ ಅಡಗುವ ಪುಟ್ಟ ಸಾಧನ ನೋಟಕ್ಕೆ ಚೆಂದ. ಆದರೆ ಅದರ ಸೆಲ್ಲು ಚಿಕ್ಕದು, ಗುಗ್ಗೆಯ ಕಾಟ ಹೆಚ್ಚು. ಜೇಬಿನಲ್ಲಿಡುವ ಹಳೆಯ ಬಗೆಯದು ಅಗ್ಗ, ಗುಂಡಿಗಳು ದೊಡ್ಡವು. ಬೆರಳು ನಡುಗುವ ವೃದ್ಧರಿಗೆ ಅನುಕೂಲ. ಆದರೆ ಬಟ್ಟೆ ಉಜ್ಜುವ ಸದ್ದೂ ಅದರಲ್ಲಿ ಕೇಳಿಸುತ್ತದೆ.

ನಾಲ್ಕನೆಯದಾಗಿ, ಬೆಲೆ. ಡ್ರಾಯರು ಸೇರಿದ ಯಂತ್ರದ ಅನುಭವದಿಂದ ಬೆದರಿದ ನನಗೆ ಮಾರಾಟಗಾರರೊಬ್ಬರು ಒಂದೂವರೆ ಲಕ್ಷದ ಜೋಡಿಯನ್ನು ಸೂಚಿಸಿದರು. ಹೆಚ್ಚಿನ ಬೆಲೆಗೆ ದೊರೆಯುವುದೇನು? ಗದ್ದಲವನ್ನು ತಗ್ಗಿಸುವ, ಎದುರಿನ ಶಬ್ದವನ್ನೇ ಹಿಡಿಯುವ, ಫೋನಿಗೆ ಜೋಡಿಸುವ ಸೌಕರ್ಯಗಳು ಹೆಚ್ಚು. ಅವು ನಿಷ್ಪ್ರಯೋಜಕವಲ್ಲ. ಆದರೆ ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ರಾಬಿನ್ ಕಾಕ್ಸ್ ಮತ್ತು ಅವರ ಸಂಗಡಿಗರು, ಅಲ್ಪ ಮತ್ತು ಮಧ್ಯಮ ದೋಷವಿರುವ ವೃದ್ಧರಿಗೆ ಮೂಲ ದರ್ಜೆಯ ಮತ್ತು ಉನ್ನತ ದರ್ಜೆಯ ಸಾಧನಗಳೆರಡನ್ನೂ ಸರಿಯಾಗಿ ಹೊಂದಿಸಿಕೊಟ್ಟು ಪರೀಕ್ಷಿಸಿದರು. 2014 ಮತ್ತು 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ದರ್ಜೆಗಳಿಂದ ಪ್ರಯೋಜನವಾಯಿತು. ಮಾತನ್ನು ತಿಳಿಯುವುದರಲ್ಲಿ ಅವೆರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಹಣ ಸೀಮಿತವಾಗಿದ್ದರೆ ಮೂಲ ದರ್ಜೆಯ ಸಾಧನವನ್ನು ಕೊಂಡು, ಹೊಂದಾಣಿಕೆಗೂ ಕಿವಿಗೆ ಅಚ್ಚೊತ್ತಿ ಮಾಡಿದ ಬಿರಡೆಗೂ ಗಮನ ಕೊಡುವುದು ವಿವೇಕ. ಸೆಲ್ಲಿನ ಖರ್ಚು, ದುರಸ್ತಿಯ ಸೌಲಭ್ಯ, ಮನೆಯಲ್ಲಿ ಕೆಲವು ದಿನ ಧರಿಸಿ ನೋಡುವ ಅವಕಾಶ, ಇವುಗಳನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು.

ಬಡವರಿಗೆ ಸರಕಾರದ ನೆರವೂ ಉಂಟು. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರ ಸರಕಾರದ 'ಅಡಿಪ್' ಯೋಜನೆ 1981ರಿಂದ ನಡೆದುಬಂದಿದೆ. ಶೇಕಡ 40ರಷ್ಟಾದರೂ ದೋಷವಿದೆಯೆಂಬ ಪ್ರಮಾಣಪತ್ರ ಇದಕ್ಕೆ ಬೇಕು. ಆದಾಯದ ಮಿತಿಯೂ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಸಾಧನದ ಸಲಹೆಯೂ ದೊರೆಯುತ್ತವೆ. ಇಂತಹ ಸಂಸ್ಥೆ ನಮ್ಮ ನಾಡಿನಲ್ಲಿರುವುದು ಕನ್ನಡಿಗರ ಭಾಗ್ಯ.

ಅರ್ಧ ದೂರ, ಆರು ಡೆಸಿಬೆಲ್

ಕೊನೆಗೆ ಸಾರ್ವಜನಿಕ ಆಸ್ಪತ್ರೆಯೊಂದರ ಶ್ರವಣತಜ್ಞರು ನಕ್ಷೆಗೆ ಹೊಂದಿಸಿಕೊಟ್ಟ ಸಾಧಾರಣ ಸಾಧನ ತಂದೆಯವರಿಗೆ ಒಪ್ಪಿತು. ಮೊದಲ ವಾರ ಮೌನವಾದ ಕೋಣೆಯಲ್ಲಿ ದಿನಕ್ಕೆ ಎರಡು ಗಂಟೆ, ಅನಂತರ ನಿಧಾನವಾಗಿ ಹೆಚ್ಚು ಹೊತ್ತು. ಬಹುಕಾಲ ಮರೆತ ಶಬ್ದಗಳನ್ನು ಮಿದುಳು ಮತ್ತೆ ಕಲಿಯಬೇಕಷ್ಟೆ. ಅದಕ್ಕೆ ವಾರಗಳೇ ಬೇಕು. ಆದರೂ ಊಟದ ಹೊತ್ತಿನಲ್ಲಿ ಅವರಿಗೆ ಮಾತು ತಿಳಿಯುತ್ತಿರಲಿಲ್ಲ. ಇದರ ಉತ್ತರ ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳಿಕೊಡುವ ಪಾಠದಲ್ಲಿಯೇ ಇತ್ತು.

ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ದೂರ ಎರಡರಷ್ಟಾದರೆ ತೀವ್ರತೆ ಕಾಲುಭಾಗ, ಅಂದರೆ 6 ಡೆಸಿಬೆಲ್ ಕಡಿಮೆ. ಸಾಧಾರಣ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಕೋಣೆಯಲ್ಲಿ ಫ್ಯಾನು, ಪಾತ್ರೆ, ಟಿ.ವಿ. ಸೇರಿ 55 ಡೆಸಿಬೆಲ್ ಗದ್ದಲವಿದೆಯೆನ್ನೋಣ. ಒಂದು ಮೀಟರಿನಲ್ಲಿ ಮಾತು ಗದ್ದಲಕ್ಕಿಂತ 5 ಡೆಸಿಬೆಲ್ ಮೇಲಿದೆ. ಎರಡು ಮೀಟರಿನಲ್ಲಿ ಮಾತು 54. ಗದ್ದಲಕ್ಕಿಂತ 1 ಡೆಸಿಬೆಲ್ ಕೆಳಗೆ. ಅರ್ಧ ಮೀಟರಿನಲ್ಲಿ ಮಾತು 66. ಗದ್ದಲಕ್ಕಿಂತ 11 ಮೇಲೆ. ಸಾಧಾರಣ ಸಾಧನ ಮಾತನ್ನೂ ಗದ್ದಲವನ್ನೂ ಒಟ್ಟಿಗೇ ಹಿಗ್ಗಿಸುವುದರಿಂದ ಈ ಅಂತರ ಅದರಿಂದ ಹೆಚ್ಚುವುದಿಲ್ಲ. ಕೋಣೆಯ ಗೋಡೆಗಳಿಂದ ಹಿಂದಿರುಗುವ ಪ್ರತಿಧ್ವನಿ ಸದ್ದನ್ನು ಹೆಚ್ಚಿಸಬಹುದು, ಮಾತಿನ ಸ್ಪಷ್ಟತೆಯನ್ನಲ್ಲ. ಕನ್ನಡಕಕ್ಕೂ ಶ್ರವಣ ಸಾಧನಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಕನ್ನಡಕದ ಕೆಲಸ ಒಬ್ಬರಿಂದ ಮುಗಿಯುತ್ತದೆ, ಕಿವಿಯ ಕೆಲಸಕ್ಕೆ ಮಾತನಾಡುವವರೂ ಕೈಜೋಡಿಸಬೇಕು.

ಆದುದರಿಂದ ಮಂದಕಿವಿಯವರೊಡನೆ ಮಾತನಾಡುವಾಗ ಮೊದಲು ಹೆಸರು ಹಿಡಿದು ಕರೆಯಿರಿ. ಹತ್ತಿರ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಂತು, ನಿಧಾನವಾಗಿ ನುಡಿಯಿರಿ. ಕಿರುಚಬೇಡಿರಿ; ಕಿರುಚಿದಾಗ ಸ್ವರಗಳು ಬಲಗೊಳ್ಳುವಷ್ಟು ವ್ಯಂಜನಗಳು ಬಲಗೊಳ್ಳುವುದಿಲ್ಲ. ಒಂದು ಮಾತು ತಿಳಿಯದಿದ್ದರೆ ಅದನ್ನೇ ಮತ್ತೆ ಕೂಗುವ ಬದಲು ಬೇರೆ ಪದಗಳಲ್ಲಿ ಹೇಳಿರಿ. "ಹೋಗಲಿ ಬಿಡಿ, ಏನೂ ಇಲ್ಲ" ಎಂದು ಮಾತ್ರ ಎಂದೂ ಹೇಳಬೇಡಿರಿ. ನಿಮಗೇ ತರಗತಿಯಲ್ಲಿ ಪಾಠ ಸರಿಯಾಗಿ ಕೇಳಿಸದಿದ್ದರೆ ಸಂಕೋಚವನ್ನು ಬಿಟ್ಟು ಅಧ್ಯಾಪಕರಿಗೆ ತಿಳಿಸಿ ಮುಂದಿನ ಬೆಂಚಿಗೆ ಬನ್ನಿರಿ. ಅದಕ್ಕೆ ಖರ್ಚೇನೂ ಇಲ್ಲ.

ನಮ್ಮ ಮನೆಯಲ್ಲಿ ಈಗ ಊಟದ ಹೊತ್ತಿಗೆ ಟಿ.ವಿ. ಆರಿರುತ್ತದೆ. ಮೊಮ್ಮಗಳು ಮೇಜಿನ ಆಚೆಯ ತುದಿಯಿಂದ ತನ್ನ ಕುರ್ಚಿಯನ್ನು ತಾತನ ಪಕ್ಕಕ್ಕೆ ಎಳೆದುಕೊಳ್ಳುತ್ತಾಳೆ. ಮೊನ್ನೆ ಅವಳು ಮೆಲ್ಲನೆ ಹೇಳಿದ ಶಾಲೆಯ ಕತೆಯೊಂದಕ್ಕೆ ತಂದೆಯವರು ನಮಗಿಂತ ಮೊದಲೇ ನಕ್ಕರು.